ಯಾವ ಜಗಲಿಯಿಂದ ನೋಡಿದಿರಿ?

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಅನೇಕ ಮನೆಗಳಲ್ಲಿ ನಡೆಯುವ ಚರ್ಚೆ ಒಂದೇ. ವಿಜ್ಞಾನ ಸಿಕ್ಕದಿದ್ದರೆ ವಾಣಿಜ್ಯ, ಅದೂ ಸಿಕ್ಕದಿದ್ದರೆ ಕಲೆ. ಕಲಾ ವಿಭಾಗದ ಪಟ್ಟಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಪಕ್ಕದಲ್ಲಿ ‘ಸಮಾಜಶಾಸ್ತ್ರ’ ಎಂಬ ಹೆಸರು ಕಂಡಾಗ ತಂದೆ ತಾಯಿ ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: ‘ಸಮಾಜದ ಬಗ್ಗೆ ಓದುವುದೇನಿದೆ? ನಾವೆಲ್ಲ ಅದರಲ್ಲೇ ಇದ್ದೇವಲ್ಲ?’

ಪ್ರಶ್ನೆ ನ್ಯಾಯವಾದದ್ದೇ. ಸಮಾಜದಲ್ಲಿ ಎಲ್ಲರೂ ಇದ್ದಾರೆ, ನಿಜ. ಆದರೆ ಎಲ್ಲರೂ ಒಂದೇ ಜಾಗದಲ್ಲಿ ಇಲ್ಲ. ಊರ ಮುಂದಿನ ದೊಡ್ಡ ಮನೆಯವರು ಕಂಡ ಊರೇ ಬೇರೆ, ಕೇರಿಯ ಕೊನೆಯ ಗುಡಿಸಲಿನವರು ಕಂಡ ಊರೇ ಬೇರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಪೂರ್ತಿ ಹೇಳುತ್ತಲೂ ಇಲ್ಲ. ಈ ಒಂದು ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡಾಗ ಸಮಾಜಶಾಸ್ತ್ರ ಆರಂಭವಾಗುತ್ತದೆ.

ಒಂದು ಉದಾಹರಣೆ ನೋಡಬಹುದು. ಊರಿನ ಶಾಲೆಯೊಂದರಲ್ಲಿ ಒಬ್ಬ ಹುಡುಗಿ ಏಳನೆಯ ತರಗತಿಗೆ ಓದು ಬಿಟ್ಟಳೆಂದರೆ, ‘ಅವಳಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಹೇಳಿ ಮುಗಿಸಬಹುದು. ಪ್ರತಿವರ್ಷವೂ ಆ ಊರಿನ ಹೆಚ್ಚಿನ ಹುಡುಗಿಯರು ಏಳನೆಯ ತರಗತಿಗೇ ಓದು ಬಿಡುತ್ತಿದ್ದರೆ ಆಸಕ್ತಿಯ ಮಾತು ಸಾಲದು. ಪ್ರೌಢಶಾಲೆ ಎಷ್ಟು ದೂರದಲ್ಲಿದೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಶಾಲೆಯಲ್ಲಿ ಶೌಚಾಲಯ ಇದೆಯೇ, ಮನೆಯಲ್ಲಿ ಕೂಸು ನೋಡಿಕೊಳ್ಳುವವರು ಯಾರು, ಮದುವೆಯ ಮಾತು ಯಾವ ವಯಸ್ಸಿಗೆ ಶುರುವಾಗುತ್ತದೆ ಎಂದು ವಿಚಾರಿಸಬೇಕಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ವ್ಯಕ್ತಿಯ ಖಾಸಗಿ ಕಷ್ಟವೆಂದು ತೋರುವುದರ ಹಿಂದೆ ಅನೇಕ ವೇಳೆ ಸಮಾಜದ ಸಾರ್ವಜನಿಕ ಸಮಸ್ಯೆ ಇರುತ್ತದೆ. ಎರಡನ್ನೂ ಜೋಡಿಸಿ ನೋಡುವ ಶಕ್ತಿಯನ್ನು ಅವರು ‘ಸಮಾಜಶಾಸ್ತ್ರೀಯ ಕಲ್ಪನೆ’ ಎಂದು ಕರೆದರು.

ಒಂದು ಕಣ, ಮೂರು ನೋಟ

ಈ ಶಾಸ್ತ್ರಕ್ಕೆ ಹೆಸರಿಟ್ಟು ಇನ್ನೂ ಇನ್ನೂರು ವರ್ಷ ಆಗಿಲ್ಲ. ಫ್ರಾನ್ಸಿನ ಆಗಸ್ಟ್ ಕಾಂಟ್ 1838ರಲ್ಲಿ ‘ಸೋಷಿಯಾಲಜಿ’ ಎಂಬ ಪದವನ್ನು ಬಳಕೆಗೆ ತಂದರು. ಆಮೇಲೆ ಬಂದವರಲ್ಲಿ ಮೂವರ ಹೆಸರು ಪ್ರತಿ ಪಠ್ಯಪುಸ್ತಕದಲ್ಲೂ ಇರುತ್ತದೆ: ಕಾರ್ಲ್ ಮಾರ್ಕ್ಸ್, ಎಮಿಲ್ ಡರ್ಖೈಮ್, ಮ್ಯಾಕ್ಸ್ ವೆಬರ್. ವಿದ್ಯಾರ್ಥಿಗಳು ಈ ಮೂವರ ಜನನ, ಮರಣ, ಕೃತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆಯುವುದುಂಟು. ಅದಕ್ಕಿಂತ, ಒಂದೇ ದೃಶ್ಯವನ್ನು ಈ ಮೂವರಿಗೂ ತೋರಿಸಿದರೆ ಯಾರು ಏನು ಕೇಳುತ್ತಿದ್ದರು ಎಂದು ಯೋಚಿಸುವುದು ಒಳ್ಳೆಯದು.

ಹಳೆಯ ಕಾಲದ ಸುಗ್ಗಿಯ ಕಣ ಅಂಥ ದೃಶ್ಯ. ರಾಗಿ ತೂರಿ ರಾಶಿ ಹಾಕಿದ ಮೇಲೆ ಕಮ್ಮಾರ, ಬಡಗಿ, ಕ್ಷೌರಿಕ, ಅಗಸ, ಕುಂಬಾರ, ತಳವಾರ ಮುಂತಾದ ಆಯಗಾರರಿಗೆ ವರ್ಷದ ದುಡಿಮೆಗೆ ಪ್ರತಿಯಾಗಿ ಧಾನ್ಯ ಅಳೆದು ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇತ್ತು.

ಡರ್ಖೈಮ್ ಬಂದು ನಿಂತಿದ್ದರೆ, ಇವರೆಲ್ಲ ಒಬ್ಬರಿಗೊಬ್ಬರು ಹೇಗೆ ಬೇಕಾಗಿದ್ದಾರೆ ಎಂದು ಕೇಳುತ್ತಿದ್ದರು. ನೇಗಿಲಿನ ಕುಳ ಕಾಯಿಸುವವನಿಲ್ಲದೆ ಉಳುಮೆ ಇಲ್ಲ. ಉಳುವವನಿಲ್ಲದೆ ಕಮ್ಮಾರನಿಗೆ ಕೂಳಿಲ್ಲ. ಬೇರೆ ಬೇರೆ ಕೆಲಸ ಮಾಡುವವರನ್ನು ಆ ಕೆಲಸಗಳೇ ಹೇಗೆ ಒಂದುಗೂಡಿಸುತ್ತವೆ ಎಂಬುದು 1893ರಲ್ಲಿ ಅವರು ಬರೆದ ಶ್ರಮವಿಭಜನೆಯ ಗ್ರಂಥದ ವಿಷಯ. ಸಮಾಜದ ಪ್ರತಿಯೊಂದು ಅಂಗವೂ ಇಡೀ ಸಮಾಜ ನಿಲ್ಲಲು ಏನು ಕೆಲಸ ಮಾಡುತ್ತದೆ ಎಂದು ಹುಡುಕುವ ಈ ದೃಷ್ಟಿಯೇ ಮುಂದೆ ಕಾರ್ಯಾತ್ಮಕ ಸಿದ್ಧಾಂತವಾಗಿ ಬೆಳೆಯಿತು.

ಮಾರ್ಕ್ಸ್ ಬಂದಿದ್ದರೆ ಮೊದಲು ನೋಡುತ್ತಿದ್ದದ್ದು ಕೊಳಗ ಯಾರ ಕೈಯಲ್ಲಿದೆ ಎಂದು. ಜಮೀನು ಯಾರದು? ಅಳತೆ ನಿಗದಿ ಮಾಡಿದವರು ಯಾರು? ಕಡಿಮೆ ಅಳೆದರೆ ಕೇಳುವ ಧೈರ್ಯ ಯಾರಿಗಿದೆ? ಸಹಕಾರದಂತೆ ಕಾಣುವುದರ ಒಳಗೆ ಒಡೆತನ ಮತ್ತು ದುಡಿಮೆಗಳ ಜಗಳ ಇದೆ ಎಂಬುದು ಸಂಘರ್ಷ ಸಿದ್ಧಾಂತದ ತಿರುಳು.

ವೆಬರ್ ಆದರೆ ಕಮ್ಮಾರನ ಪಕ್ಕದಲ್ಲೇ ಕುಳಿತು, ‘ನಿಮ್ಮ ಮನಸ್ಸಿನಲ್ಲಿ ಇದು ಕೂಲಿಯೋ, ಹಕ್ಕೋ, ದಾನವೋ?’ ಎಂದು ಕೇಳುತ್ತಿದ್ದರು. ಮನುಷ್ಯ ತನ್ನ ಕ್ರಿಯೆಗೆ ತಾನೇ ಕೊಡುವ ಅರ್ಥವನ್ನು ತಿಳಿಯದೆ ಸಮಾಜ ತಿಳಿಯುವುದಿಲ್ಲ ಎಂಬುದು ಅವರ ಪಕ್ಷ.

ಮೂವರಲ್ಲಿ ಯಾರು ಸರಿ? ಪರೀಕ್ಷೆಯಲ್ಲಿ ಹೀಗೆ ಪ್ರಶ್ನೆ ಬರುವುದಿಲ್ಲ, ಬರಲೂಬಾರದು. ಸಿದ್ಧಾಂತವೆಂದರೆ ನೋಡಲು ನಿಂತ ಒಂದು ಜಾಗ. ಒಂದು ಜಾಗದಿಂದ ಕಂಡದ್ದು ಇನ್ನೊಂದು ಜಾಗದಿಂದ ಮರೆಯಾಗಿರುತ್ತದೆ.

ಪಟೇಲರ ಮನೆಯ ಅತಿಥಿ

ಸಿದ್ಧಾಂತಕ್ಕೆ ನಿಜವಾದ ಮಾತು ಸಂಶೋಧನೆಗೂ ನಿಜ. ಇದಕ್ಕೆ ನಮ್ಮದೇ ಮೈಸೂರು ಸೀಮೆಯ ಒಂದು ದೊಡ್ಡ ನಿದರ್ಶನವಿದೆ.

ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಅವರ ಬಳಿ ಅಧ್ಯಯನ ಮಾಡಿದರು. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ನೆಲೆಸಿದರು. ತಮ್ಮ ಬರವಣಿಗೆಯಲ್ಲಿ ಆ ಹಳ್ಳಿಗೆ ‘ರಾಂಪುರ’ ಎಂದು ಹೆಸರಿಟ್ಟರು. ಜನರ ಗುಟ್ಟು ರಟ್ಟಾಗದಿರಲೆಂದು ಊರಿನ ನಿಜ ಹೆಸರನ್ನು ಮರೆಮಾಡುವುದು ಈ ಶಾಸ್ತ್ರದ ಶಿಷ್ಟಾಚಾರ. ಆಗ ಆ ಊರಿನಲ್ಲಿ ಸುಮಾರು ಒಂದೂವರೆ ಸಾವಿರ ಜನ. ಅರ್ಧದಷ್ಟು ಒಕ್ಕಲಿಗರು, ಉಳಿದಂತೆ ಹಲವು ಜಾತಿಯವರು ಮತ್ತು ಮುಸ್ಲಿಮರು.

ಈ ಬಗೆಯ ಅಧ್ಯಯನಕ್ಕೆ ಸಹಭಾಗಿ ಅವಲೋಕನ ಎಂದು ಹೆಸರು. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಾಸಮಾಡಿ ಇದಕ್ಕೆ ಮಾದರಿ ಹಾಕಿಕೊಟ್ಟಿದ್ದರು. ಜನರ ಭಾಷೆ ಕಲಿಯಬೇಕು, ಅವರ ನಡುವೆ ಇರಬೇಕು, ಅವರು ಹೇಳುವುದನ್ನು ಕೇಳುವುದರ ಜೊತೆಗೆ ಮಾಡುವುದನ್ನೂ ನೋಡಬೇಕು.

ಹಾಗೆ ನೋಡಿದ್ದರಿಂದ ಏನು ಸಿಕ್ಕಿತು? ಗ್ರಂಥಗಳ ಪ್ರಕಾರ ಜಾತಿಯೆಂದರೆ ನಾಲ್ಕು ವರ್ಣ, ಮೇಲೆ ಬ್ರಾಹ್ಮಣ. ಹಳ್ಳಿಯಲ್ಲಿ ಇದ್ದದ್ದು ಬೇರೆ. ಅಲ್ಲಿ ಮಾತು ನಡೆಯುತ್ತಿದ್ದದ್ದು ಸಂಖ್ಯೆಯೂ ಜಮೀನೂ ಇದ್ದ ಜಾತಿಯದು. ಇದನ್ನೇ ಶ್ರೀನಿವಾಸ್ 1959ರ ಲೇಖನವೊಂದರಲ್ಲಿ ‘ಪ್ರಬಲ ಜಾತಿ’ ಎಂದು ವಿವರಿಸಿದರು. ಅದಕ್ಕೆ ಮುಂಚೆ, 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಗ್ರಂಥದಲ್ಲಿ ‘ಸಂಸ್ಕೃತೀಕರಣ’ದ ವಿಚಾರ ಮಂಡಿಸಿದ್ದರು: ಕೆಳಗಿನ ಸ್ಥಾನದಲ್ಲಿರುವ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರ ವಿಚಾರ ಅನುಸರಿಸಿ ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನಕ್ಕೆ ಹಕ್ಕು ಹೇಳುವುದುಂಟು. ಇಂದು ಚುನಾವಣೆ ಬಂದಾಗಲೆಲ್ಲ ಎಲ್ಲರ ಬಾಯಲ್ಲೂ ಬರುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನೂ ಅವರು 1955ರಲ್ಲಿ ಹಳ್ಳಿಯ ರಾಜಕೀಯದ ವಿವರಣೆಯಲ್ಲಿ ಬಳಸಿದರು. ಗ್ರಂಥದಲ್ಲಿ ಇರುವುದು ಒಂದು, ಕ್ಷೇತ್ರದಲ್ಲಿ ಕಾಣುವುದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕೆಂಬುದು ಅವರ ಮುಖ್ಯ ಪಾಠ.

ಆದರೆ ಪಾಠದ ಇನ್ನೊಂದು ಅರ್ಧವೂ ಇದೆ. ರಾಂಪುರದಲ್ಲಿ ಶ್ರೀನಿವಾಸ್ ಉಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ. ಬಂದವರು ಬ್ರಾಹ್ಮಣರು, ವಿದ್ಯಾವಂತರು, ಮೇಲಾಗಿ ಪಟೇಲರ ಅತಿಥಿ. ಊರಿನವರು ಅವರನ್ನು ಹಾಗೆಯೇ ನಡೆಸಿಕೊಂಡರು. ಅವರು ಹಾಗೆಯೇ ನಡೆದುಕೊಳ್ಳಲಿ ಎಂದೂ ಬಯಸಿದರು. ಗೌಡರ ಜಗಲಿಗೆ ಬಂದು ಕುಳಿತು ಮಾತಾಡಬಲ್ಲವರ ಸಂಗತಿ ಸಲೀಸಾಗಿ ಸಿಕ್ಕಿತು. ಆ ಜಗಲಿ ಹತ್ತಲಾರದವರ ಸಂಗತಿ ಹಾಗೆ ಸಿಗಲಿಲ್ಲ. ತಾವು ಕಂಡದ್ದು ಬಹುಮಟ್ಟಿಗೆ ಮೇಲುಜಾತಿಯ ನೋಟದ ಹಳ್ಳಿ ಎಂಬುದನ್ನು ಶ್ರೀನಿವಾಸ್ ಅವರೇ ಮುಂದೆ ಬರೆದರು. ವಿಮರ್ಶಕರು ಹೇಳುವ ಮುನ್ನ ಸಂಶೋಧಕನೇ ಇದನ್ನು ಹೇಳಿಕೊಂಡದ್ದರಿಂದ ಅವರ ಕೃತಿಯ ಬೆಲೆ ಕಡಿಮೆಯಾಗಲಿಲ್ಲ. ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದು ಓದುವವರಿಗೆ ಗೊತ್ತಾಯಿತು.

ಆ ಕೃತಿ ಹುಟ್ಟಿದ್ದೂ ಒಂದು ಕಥೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರದಲ್ಲಿ ಅವರು ಬರೆಯಲು ಕುಳಿತಿದ್ದಾಗ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಹದಿನೆಂಟು ವರ್ಷಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯಲು ಹುರಿದುಂಬಿಸಿದರು. ಹಾಗೆ ಬಂದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಇಂದಿಗೂ ಪಠ್ಯವಾಗಿ ಉಳಿದಿದೆ. ಟಿಪ್ಪಣಿ ಬೂದಿಯಾದರೂ ಪುಸ್ತಕ ಬರೆಯಲು ಆದದ್ದು ಅವರು ಆ ಊರಿನಲ್ಲಿ ಬಾಳಿದ್ದರಿಂದ.

ಗೋಣಿತಟ್ಟಿನ ಮೇಲೆ ಕುಳಿತವರು

ಶ್ರೀನಿವಾಸ್ ಹುಟ್ಟಿದ 1916ರಲ್ಲೇ, ಮೇ 9ರಂದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯೊಂದರಲ್ಲಿ ಭಾರತದ ವಿದ್ಯಾರ್ಥಿಯೊಬ್ಬರು ಜಾತಿಯ ಹುಟ್ಟು ಮತ್ತು ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದ್ದರು. ಅವರು ಬಿ.ಆರ್. ಅಂಬೇಡ್ಕರ್. ಜಾತಿಯ ಜೀವಾಳ ಇರುವುದು ಒಳಮದುವೆಯಲ್ಲಿ, ಅಂದರೆ ತನ್ನ ಗುಂಪಿನೊಳಗೇ ಹೆಣ್ಣು ಗಂಡು ತರುವ ಕಟ್ಟಳೆಯಲ್ಲಿ ಎಂದು ಅವರು ವಾದಿಸಿದರು. ಮೇಲಿನವರು ಬಾಗಿಲು ಮುಚ್ಚಿಕೊಂಡದ್ದನ್ನು ಕೆಳಗಿನವರು ಅನುಕರಿಸಿದ್ದರಿಂದ ಜಾತಿ ಹರಡಿತು ಎಂದೂ ತೋರಿಸಿದರು. ಅನುಕರಣೆ ಎಂಬ ಮಾತು ಇಲ್ಲಿಯೂ ಇದೆ, ಶ್ರೀನಿವಾಸರಲ್ಲಿಯೂ ಇದೆ. ಒಬ್ಬರು ಅದರಲ್ಲಿ ಮೇಲೇರುವ ದಾರಿಯನ್ನು ಕಂಡರು. ಇನ್ನೊಬ್ಬರು ಬಾಗಿಲಿಗೆ ಬಾಗಿಲು ಮುಚ್ಚುತ್ತಾ ಹೋದದ್ದನ್ನು ಕಂಡರು.

ಏಕೆ ಈ ವ್ಯತ್ಯಾಸ? ಅಂಬೇಡ್ಕರ್ ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾರೆ: ಶಾಲೆಯಲ್ಲಿ ಅವರು ಕೂರಬೇಕಾಗಿದ್ದದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಬಾಯಾರಿದರೆ ನಲ್ಲಿಯನ್ನು ಅವರು ಮುಟ್ಟುವಂತಿಲ್ಲ. ಶಾಲೆಯ ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಆ ಗೋಣಿತಟ್ಟಿನ ಮೇಲೆ ಕುಳಿತವರಿಗೆ ಕಂಡ ಸಮಾಜ ಗೌಡರ ಜಗಲಿಯಿಂದ ಕಾಣುವುದು ಸುಲಭವಲ್ಲ. ಆಚಾರ ಬದಲಿಸಿಕೊಂಡರೆ ಮೇಲೇರಬಹುದು ಎಂಬ ಮಾತು ಅಸ್ಪೃಶ್ಯತೆಯ ಗೆರೆಯ ಹತ್ತಿರ ಬಂದು ನಿಂತುಬಿಡುತ್ತದೆ. ಏಣಿಯ ಮೇಲೆ ಒಂದು ಜಾತಿಯ ಮೆಟ್ಟಿಲು ಬದಲಾಗಬಹುದು, ಏಣಿ ಬದಲಾಗುವುದಿಲ್ಲ.

ಕೇಳುವವರು ಯಾರು ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಅಮೆರಿಕದ ಜೆರಾಲ್ಡ್ ಬೆರೆಮನ್ 1950ರ ದಶಕದ ಕೊನೆಯಲ್ಲಿ ಡೆಹ್ರಾಡೂನ್ ಬಳಿಯ ಬೆಟ್ಟದ ಹಳ್ಳಿಯೊಂದರಲ್ಲಿ ಅಧ್ಯಯನ ಮಾಡುತ್ತಿದ್ದರು. ಅವರ ದುಭಾಷಿ ಬಯಲುಸೀಮೆಯ ಬ್ರಾಹ್ಮಣ. ಆತನ ಎದುರು ಊರಿನ ಮೇಲುಜಾತಿಯವರು ತಾವು ಮಾಂಸ ತಿನ್ನುವುದನ್ನೂ, ಮದ್ಯ ಸೇವಿಸುವುದನ್ನೂ, ಪ್ರಾಣಿಬಲಿ ಕೊಡುವುದನ್ನೂ ಮುಚ್ಚಿಟ್ಟರು. ಕೆಲವು ತಿಂಗಳ ಮೇಲೆ ದುಭಾಷಿಗೆ ಕಾಯಿಲೆಯಾಗಿ ಒಬ್ಬ ಮುಸ್ಲಿಂ ಸಹಾಯಕ ಬಂದರು. ಕೆಳಜಾತಿಯವರು ಆತನೊಡನೆ ಬಿಚ್ಚುಮನಸ್ಸಿನಿಂದ ಮಾತಾಡತೊಡಗಿದರು. ಊರು ಅದೇ, ಸಂಶೋಧಕರೂ ಅವರೇ. ಪಕ್ಕದಲ್ಲಿ ಕುಳಿತವರು ಬದಲಾದದ್ದಕ್ಕೆ ಉತ್ತರಗಳು ಬದಲಾದವು. 1962ರಲ್ಲಿ ಬೆರೆಮನ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು.

ಲಕ್ಷಗಟ್ಟಲೆ ಉತ್ತರ, ತಪ್ಪು ಲೆಕ್ಕ

‘ಒಬ್ಬರು ಹಳ್ಳಿಯಲ್ಲಿ ಕುಳಿತು ನೋಡಿದರೆ ಹೀಗೆ ಪಕ್ಷಪಾತ ಬರಬಹುದು; ಅಂಕಿಸಂಖ್ಯೆ ಸುಳ್ಳಾಡುವುದಿಲ್ಲವಲ್ಲ’ ಎಂದು ಗಣಿತ ಬಲ್ಲ ಪೋಷಕರು ಹೇಳಬಹುದು. ಅದಕ್ಕೂ ಒಂದು ಪ್ರಸಿದ್ಧ ಉದಾಹರಣೆಯಿದೆ.

1936ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಮೊದಲು ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅವನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ನಡೆದದ್ದು ತದ್ವಿರುದ್ಧ: 48 ರಾಜ್ಯಗಳಲ್ಲಿ 46ನ್ನು ರೂಸ್ವೆಲ್ಟ್ ಗೆದ್ದರು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ್ದ ಜಾರ್ಜ್ ಗ್ಯಾಲಪ್ ಅವರ ಸಂಸ್ಥೆ ಗೆಲ್ಲುವವರನ್ನು ಸರಿಯಾಗಿ ಹೇಳಿತ್ತು.

ಪತ್ರಿಕೆ ಎಡವಿದ್ದೆಲ್ಲಿ? ವಿಳಾಸಗಳನ್ನು ಅದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಮೋಟಾರು ಕಾರು ನೋಂದಣಿಯ ಪಟ್ಟಿಗಳಿಂದ ತೆಗೆದಿತ್ತು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ, ಮತಪತ್ರ ತುಂಬಿ ಹಿಂದಿರುಗಿಸುವ ಉತ್ಸಾಹ ಇದ್ದವರು ಮಾತ್ರ ಲೆಕ್ಕಕ್ಕೆ ಬಂದರು. ಇಪ್ಪತ್ತು ಲಕ್ಷ ಉತ್ತರ ಬಂದಿದ್ದರೂ ಬಹುಪಾಲು ಒಂದೇ ಜಗಲಿಯಿಂದ ಬಂದಿದ್ದವು. ಸಮೀಕ್ಷೆಯಲ್ಲಿ ‘ಎಷ್ಟು ಜನರನ್ನು ಕೇಳಿದಿರಿ?’ ಎಂಬುದಕ್ಕಿಂತ ‘ಯಾರನ್ನು ಕೇಳಿದಿರಿ, ಯಾರನ್ನು ಬಿಟ್ಟಿರಿ?’ ಎಂಬ ಪ್ರಶ್ನೆ ದೊಡ್ಡದು. ಮಾದರಿ ಆಯ್ಕೆಯ ಅಧ್ಯಾಯದ ಸಾರ ಇಷ್ಟೇ. ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರಬೇಕೆಂದು ಯಾದೃಚ್ಛಿಕ ಮಾದರಿಯಲ್ಲಿ ಚೀಟಿ ಎತ್ತುವುದು ಇದಕ್ಕಾಗಿಯೇ.

ಹಿತ್ತಲ ಬೀದಿಗೆ ಒಂದು ಪ್ರವಾಸ

ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಸಣ್ಣ ಸಮೀಕ್ಷೆಯ ಕೆಲಸ ಕೊಡುವುದುಂಟು. ಐವತ್ತು ಪ್ರಶ್ನಾವಳಿಗಳನ್ನು ಹಾಸ್ಟೆಲಿನ ಮಂಚದ ಮೇಲೆ ಕುಳಿತು ಇಬ್ಬರೇ ತುಂಬಿದ ಸಮೀಕ್ಷೆಗಳೂ ಇವೆ. ಅಂಕ ಬಂದರೆ ಸಾಕೆಂದು ಮನೆಯವರೂ ಸುಮ್ಮನಿರುತ್ತಾರೆ. ಇದರಲ್ಲಿ ಹೋಗುವುದು ಅಂಕವಲ್ಲ. ಆ ಐವತ್ತು ಮನೆಗಳಲ್ಲಿ ಪಡಿತರ ಚೀಟಿ ಇಲ್ಲದ ಒಬ್ಬ ಮುದುಕಿ ಇದ್ದರೆ, ಆಕೆ ಲೆಕ್ಕಕ್ಕೆ ಸಿಗದೆ ಹೋಗುತ್ತಾಳೆ. ಇಂದು ಹೀಗೆ ಹಾಳೆ ತುಂಬಿ ಅಭ್ಯಾಸವಾದವರು ನಾಳೆ ಅಧಿಕಾರಿಯೋ, ಶಿಕ್ಷಕರೋ, ಪತ್ರಕರ್ತರೋ ಆದಾಗಲೂ ಹಾಳೆ ಹಾಗೆಯೇ ತುಂಬುತ್ತದೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು ಎಂಬ ಕಾರಣಕ್ಕೆ ಮಕ್ಕಳನ್ನು ಇದಕ್ಕೆ ಸೇರಿಸುವ ಪೋಷಕರು ಈ ಮಾತನ್ನೂ ಗಮನಿಸಬೇಕು.

ಶ್ರೀನಿವಾಸ್ ಬೆಳೆದದ್ದು ಮೈಸೂರಿನ ಕಾಲೇಜು ರಸ್ತೆಯಲ್ಲಿ. ಮನೆಯ ಹಿಂದೆ ಕೂಗಳತೆಯಲ್ಲೇ ಕುರುಬರು ವಾಸಿಸುತ್ತಿದ್ದ ಬಂಡಿಕೇರಿ. ಎರಡು ಬೀದಿಗಳ ಬದುಕಿಗೂ ಅಜಗಜಾಂತರ. ಮಾಲಿನೋವ್‌ಸ್ಕಿಗೆ ಟ್ರೋಬ್ರಿಯಾಂಡ್ ದ್ವೀಪ ಹೇಗೋ ತಮಗೆ ಬಂಡಿಕೇರಿ ಹಾಗೆ ಎಂದು ಅವರು ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡರು. ಅವರ ಪಾಲಿನ ಮೊದಲ ದ್ವೀಪ ಹಿತ್ತಲ ಬಾಗಿಲಿನ ಆಚೆಯೇ ಇತ್ತು.

ಅಂಥ ಬೀದಿ ಎಲ್ಲರ ಮನೆಯ ಹಿಂದೆಯೂ ಇರುತ್ತದೆ. ಬರುವ ರಜೆಯಲ್ಲಿ ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಕೆಲಸವೊಂದಿದೆ. ಊರಿನ ನೀರಿನ ನಲ್ಲಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಒಂದು ದಿನ ಅಂಗಡಿಯವರ ಪಕ್ಕದಲ್ಲಿ ಒಂದು ಗಂಟೆ, ಇನ್ನೊಂದು ದಿನ ಸಾಲಿನ ಕೊನೆಯಲ್ಲಿ ಒಂದು ಗಂಟೆ ನಿಲ್ಲಬೇಕು. ಅಲ್ಲಿರುವವರಿಗೆ ತಾನು ಯಾರು, ಏಕೆ ಬಂದಿದ್ದೇನೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಹೆಸರು ಬರೆದುಕೊಳ್ಳಬಾರದು. ಕಂಡದ್ದನ್ನು ಒಂದು ಹಾಳೆಯಲ್ಲಿ, ಅದರ ಬಗ್ಗೆ ಅನ್ನಿಸಿದ್ದನ್ನು ಇನ್ನೊಂದು ಹಾಳೆಯಲ್ಲಿ ಅಂದೇ ರಾತ್ರಿ ಬರೆಯಬೇಕು. ಎರಡು ದಿನದ ಬರಹ ಒಂದೇ ರೀತಿ ಇದ್ದರೆ ಇನ್ನೊಂದು ದಿನ ಹೋಗಬೇಕು. ಬೇರೆ ಬೇರೆ ಇದ್ದರೆ, ಏಕೆ ಎಂದು ಮನೆಯವರೊಡನೆ ಕುಳಿತು ಮಾತಾಡಬೇಕು. ಹಾಳೆಯ ಮೇಲ್ಭಾಗದಲ್ಲಿ ದಿನಾಂಕದ ಜೊತೆಗೆ ಎಲ್ಲಿ ನಿಂತು ನೋಡಿದ್ದು ಎಂಬುದನ್ನು ತಪ್ಪದೆ ನಮೂದಿಸಬೇಕು.